ರಾಜಕೀಯ ಬೇಡ, ಫುಟ್‌ಬಾಲ್ ಭಾಷೆಯಲ್ಲಿ ಹೇಳಿ

ನಮ್ಮ ವಾಟ್ಸಾಪ್ ಗುಂಪಿಗೆ ಇರುವುದು ಒಂದೇ ನಿಯಮ. ರಾಜಕೀಯ ಮಾತಾಡುವ ಹಾಗಿಲ್ಲ.

ಹದಿನಾಲ್ಕು ಜನರ ಗುಂಪು. ರೆಡಿಂಗ್ ಫುಟ್‌ಬಾಲ್ ಕ್ಲಬ್ಬಿನ ಮೈದಾನದಲ್ಲಿ ಎರಡು ಸಾಲುಗಳಲ್ಲಿ ಹಿಂದೆ ಮುಂದೆ ಕೂರುವವರು, ಅಷ್ಟೇ ನಂಟು. (ಇಂಗ್ಲೆಂಡಿನ ಈ ಊರಿನ ಹೆಸರು ರೆಡಿಂಗ್. ಮೈಸೂರಿನಲ್ಲಿರುವ ನನ್ನ ಅಮ್ಮ ಇವತ್ತಿಗೂ 'ರೀಡಿಂಗ್' ಅಂತಾರೆ. ಇಂಗ್ಲಿಷ್ ಅಕ್ಷರ ನೋಡಿದರೆ ತಪ್ಪು ಅವರದಲ್ಲ.) ಅಡ್ಮಿನ್ ಒಬ್ಬ ನಿವೃತ್ತ ಅಂಚೆಯವರು. ನಮ್ಮ ಮನೆಯಲ್ಲಿ ಅವರಿಗೆ 'ಪೋಸ್ಟ್ ತಾತ' ಅಂತ ಹೆಸರು. ಬ್ರೆಕ್ಸಿಟ್ ಕಾಲದಲ್ಲಿ ಈ ಸಾಲಿನ ಇಬ್ಬರು ಜಗಳ ಆಡಿಕೊಂಡು, ಒಂದು ಇಡೀ ಸೀಸನ್ ಅಕ್ಕಪಕ್ಕವೇ ಕೂತು ಒಬ್ಬರ ಮುಖ ಒಬ್ಬರು ನೋಡಲಿಲ್ಲವಂತೆ. ಗೋಲ್ ಬಿದ್ದಾಗ ಒಬ್ಬ ಎಡಗಡೆಯವರನ್ನು ತಬ್ಬಿಕೊಳ್ಳುವುದು, ಇನ್ನೊಬ್ಬ ಬಲಗಡೆಯವರನ್ನು. ಅದನ್ನು ನೋಡಿ ನೋಡಿ ಸಾಕಾಗಿ ತಾತ ಈ ನಿಯಮ ತಂದರು.

2024ರ ಮೇ 22. ಪ್ರಧಾನಿ ರಿಷಿ ಸುನಕ್ ಡೌನಿಂಗ್ ಬೀದಿಯಲ್ಲಿ ಸುರಿಯುವ ಮಳೆಯಲ್ಲಿ ಛತ್ರಿ ಇಲ್ಲದೆ ನಿಂತು, ಜುಲೈ 4ಕ್ಕೆ ಚುನಾವಣೆ ಅಂದರು. ಸೂಟು ಪೂರ್ತಿ ತೊಯ್ದು ತೊಪ್ಪೆ. ನಮ್ಮ ಗುಂಪಿನಲ್ಲಿ ಹತ್ತು ನಿಮಿಷ ಯಾರೂ ಉಸಿರೆತ್ತಲಿಲ್ಲ. ಆಮೇಲೆ ಪ್ಲಂಬರ್ ಗೆಳೆಯ ಒಂದು ಸಾಲು ಹಾಕಿದ: 'ಪಿಚ್ ಒದ್ದೆ ಇದೆ, ಆದರೂ ಕ್ಯಾಪ್ಟನ್ ಟಾಸ್‌ಗೆ ಬಂದಿದ್ದಾರೆ.' ತಾತ ಅದನ್ನು ಅಳಿಸಲಿಲ್ಲ. ಅಷ್ಟು ಸಾಕಾಯ್ತು. ಒಬ್ಬೊಬ್ಬರೇ ಬಾಯಿ ಬಿಟ್ಟರು. ಸಂಜೆ ಹೊತ್ತಿಗೆ ತಾತನಿಂದ ತಿದ್ದುಪಡಿ ಬಂತು. ಫುಟ್‌ಬಾಲ್ ಭಾಷೆಯಲ್ಲಿ ಹೇಳಿದರೆ ಪರವಾಗಿಲ್ಲ. ಪಕ್ಷದ ಹೆಸರೋ ನಾಯಕರ ಹೆಸರೋ ಬಂದರೆ ರೆಡ್ ಕಾರ್ಡ್, ಒಂದು ವಾರ ಗುಂಪಿನಿಂದ ಹೊರಗೆ.

ಬಣ್ಣ ಹೇಳೋಣ ಅಂದರೆ ಅಲ್ಲೂ ತೊಡಕು. ಕನ್ಸರ್ವೇಟಿವ್ ಪಕ್ಷದ ಬಣ್ಣ ನೀಲಿ. ರೆಡಿಂಗ್ ಅಂಗಿಯೂ ನೀಲಿ-ಬಿಳಿ ಪಟ್ಟೆ. ನೀಲಿಯನ್ನು ಬೈಯಲು ನಮ್ಮಲ್ಲಿ ಯಾರಿಗೂ ನಾಲಿಗೆ ಹೊರಳುವುದಿಲ್ಲ. ಹಾಗಾಗಿ ಹದಿನಾಲ್ಕು ವರ್ಷದಿಂದ ಅಧಿಕಾರದಲ್ಲಿದ್ದವರು 'ಹೋಮ್ ಟೀಮ್' ಆದರು, ಲೇಬರ್ 'ಅವೇ ಟೀಮ್' ಆಯಿತು. ಹಳದಿ ಬಣ್ಣದ ಲಿಬರಲ್ ಡೆಮಾಕ್ರಾಟರು 'ಯೆಲ್ಲೋ ಕಾರ್ಡ್'.

ಮಾರನೇ ದಿನವೇ ಸುನಕ್ ವೇಲ್ಸ್‌ನ ಬ್ಯಾರಿ ಊರಿನ ಒಂದು ಬಿಯರ್ ತಯಾರಿಕಾ ಘಟಕಕ್ಕೆ ಹೋಗಿ, ಯೂರೋ ಫುಟ್‌ಬಾಲ್‌ಗೆ ಕಾಯುತ್ತಿದ್ದೀರಾ ಅಂತ ಅಲ್ಲಿನ ಕೆಲಸಗಾರರನ್ನು ಕೇಳಿಬಿಟ್ಟರು. ವೇಲ್ಸ್ ಯೂರೋಗೆ ಅರ್ಹತೆಯೇ ಪಡೆದಿರಲಿಲ್ಲ. ಎರಡು ತಿಂಗಳ ಹಿಂದೆ ಕಾರ್ಡಿಫ್‌ನಲ್ಲಿ ಪೋಲೆಂಡ್ ಎದುರು ಪೆನಾಲ್ಟಿಯಲ್ಲಿ ಸೋತು ಮನೆಗೆ ಹೋಗಿದ್ದರು. ಗಾಯದ ಮೇಲೆ ಬರೆ ಅಂದರೆ ಇದೇ ಅಲ್ವಾ! ನಮ್ಮ ಸಾಲಿನಲ್ಲಿ ವೇಲ್ಸ್ ಮೂಲದ ಬಸ್ ಡ್ರೈವರ್ ಒಬ್ಬ ಇದ್ದಾನೆ. ಅವನು ಏನೂ ಬರೆಯಲಿಲ್ಲ. ಪೋಲೆಂಡ್ ಬಾವುಟ ಒಂದನ್ನು ಹಾಕಿ ಸುಮ್ನಾದ.

ರಾಜಕಾರಣಿಗಳಿಗೆ ಫುಟ್‌ಬಾಲ್ ಜಾರುಬಂಡೆ. 2015ರ ಚುನಾವಣೆಗೆ ಮೊದಲು ಆಗಿನ ಪ್ರಧಾನಿ ಡೇವಿಡ್ ಕ್ಯಾಮರೂನ್, ತಮ್ಮ ತಂಡ ಆಸ್ಟನ್ ವಿಲ್ಲಾ ಅಂತ ವರ್ಷಗಟ್ಟಲೆ ಹೇಳಿಕೊಂಡು ಬಂದವರು, ಭಾಷಣದಲ್ಲಿ ಬಾಯ್ತಪ್ಪಿ ವೆಸ್ಟ್ ಹ್ಯಾಮ್ ಅಂದುಬಿಟ್ಟಿದ್ದರು. ಎರಡೂ ತಂಡದ ಅಂಗಿ ಕಡುಗೆಂಪು ಮತ್ತು ತಿಳಿನೀಲಿ. ಆದರೂ ಕ್ಷಮಿಸಿದವರು ಕಡಿಮೆ. ಹೆಂಡತಿಯ ಹೆಸರು ತಪ್ಪಿ ಕರೆದರೂ ಇಲ್ಲಿ ಅಷ್ಟು ಸುದ್ದಿ ಆಗುತ್ತಿರಲಿಲ್ಲವೇನೋ.

ಆದರೆ ಈ ತಮಾಷೆಯ ಕೆಳಗೆ ನಮ್ಮ ಸಾಲಿಗೆ ಒಂದು ನಿಜವಾದ ಸಂಕಟ ಇತ್ತು. ಅದು ಟಿವಿ ಚರ್ಚೆಗಳಲ್ಲಿ ಬರಲೇ ಇಲ್ಲ.

ರೆಡಿಂಗ್ 1871ರಲ್ಲಿ ಹುಟ್ಟಿದ ಕ್ಲಬ್. 2005-06ರಲ್ಲಿ ಎರಡನೇ ದರ್ಜೆಯನ್ನು 106 ಅಂಕ ಗಳಿಸಿ ಗೆದ್ದಿತು. ಆ ದರ್ಜೆಯಲ್ಲಿ ಅದು ದಾಖಲೆ. ತಾತ ದಿನಕ್ಕೊಮ್ಮೆಯಾದರೂ ಆ ಸಂಖ್ಯೆ ಹೇಳುತ್ತಾರೆ. ಆಮೇಲಿನ ಕಥೆ ಬೇರೆ. 2021ರಿಂದ 2024ರ ನಡುವೆ ಹಣಕಾಸಿನ ನಿಯಮ ಮುರಿದದ್ದಕ್ಕೆ, ಸಂಬಳ ಮತ್ತು ತೆರಿಗೆ ಹೊತ್ತಿಗೆ ಸರಿಯಾಗಿ ಕಟ್ಟದ್ದಕ್ಕೆ, ಒಟ್ಟು 18 ಅಂಕ ಕಡಿತ. 2023ರಲ್ಲಿ ಮೂರನೇ ದರ್ಜೆಗೆ ಇಳಿದೆವು, ರೆಲಿಗೇಶನ್ ಅನ್ನುವುದು ಇದಕ್ಕೇ. ಆ ಸೀಸನ್ನಿನಲ್ಲಿ ಕಡಿತವಾದ 6 ಅಂಕ ಇದ್ದಿದ್ದರೆ ಇಳಿಯುತ್ತಿರಲಿಲ್ಲ. ಆಟಗಾರರು ಮೈದಾನದಲ್ಲಿ ದುಡಿದು ತಂದದ್ದನ್ನು ಕಚೇರಿಯಲ್ಲಿ ಕಳೆಯುವುದು ಅಂದರೆ ಎಂಥ ಹೊಟ್ಟೆಯುರಿ ಅಂತ ಅನುಭವಿಸಿದವರಿಗೇ ಗೊತ್ತು.

2024ರ ಜನವರಿ 13ರಂದು ಪೋರ್ಟ್ ವೇಲ್ ಎದುರು ಮ್ಯಾಚ್. 16ನೇ ನಿಮಿಷಕ್ಕೆ ಟೆನಿಸ್ ಚೆಂಡುಗಳ ಮಳೆ. ಅಲ್ಲಿಯವರೆಗೆ ಹೋದದ್ದು 16 ಅಂಕ, ಅದಕ್ಕೇ 16ನೇ ನಿಮಿಷ. ಹಿಂದೆಯೇ ಸಾವಿರದಷ್ಟು ಜನ ಮೈದಾನಕ್ಕೆ ಇಳಿದರು. ಪಂದ್ಯ ಅಲ್ಲಿಗೇ ರದ್ದಾಯಿತು. ನಾನು ಮಗನ ಕೈ ಹಿಡಿದುಕೊಂಡು ಕೂತೇ ಇದ್ದೆ. ವೀಸಾದಲ್ಲಿ ಇರುವವನು ಮೈದಾನಕ್ಕೆ ಇಳಿದರೆ ಏನಾಗುತ್ತದೋ ಅನ್ನುವ ಪುಕ್ಕಲು ನನ್ನದು. ತಾತ ಮಂಡಿನೋವಿನವರು, ಅವರೂ ಕೂತಿದ್ದರು. ಆದರೆ ಅವರ ಎರಡು ಜೇಬಿನಲ್ಲಿದ್ದ ಟೆನಿಸ್ ಚೆಂಡುಗಳು ಆಗಲೇ ಖಾಲಿಯಾಗಿದ್ದವು.

ಇಂಥ ಕ್ಲಬ್ಬುಗಳಿಗಾಗಿಯೇ ಒಂದು ಮಸೂದೆ ತಯಾರಾಗುತ್ತಿತ್ತು. 2019ರಲ್ಲಿ ಬರಿ ಅನ್ನುವ ಕ್ಲಬ್ಬು, ಎರಡು ಸಲ ಎಫ್ಎ ಕಪ್ ಗೆದ್ದದ್ದು, ದುಡ್ಡಿನ ತಾಪತ್ರಯಕ್ಕೆ ಲೀಗಿನಿಂದಲೇ ಹೊರಬಿತ್ತು. 2021ರಲ್ಲಿ ಇಂಗ್ಲೆಂಡಿನ ಆರು ದೊಡ್ಡ ಕ್ಲಬ್ಬುಗಳು ಯೂರೋಪಿಯನ್ ಸೂಪರ್ ಲೀಗ್ ಅನ್ನುವ ಬೇರೆಯೇ ಲೀಗಿಗೆ ಹೊರಟು, ಜನರ ಬೈಗುಳಕ್ಕೆ ಎರಡು ದಿನದಲ್ಲಿ ಬಾಲ ಮುದುರಿಕೊಂಡು ವಾಪಸ್ ಬಂದವು. ಅದಾದ ಮೇಲೆ ಕನ್ಸರ್ವೇಟಿವ್ ಸಂಸದೆ ಟ್ರೇಸಿ ಕ್ರೌಚ್ ಅಭಿಮಾನಿಗಳ ಅಹವಾಲು ಕೇಳಿ ವರದಿ ಕೊಟ್ಟರು: ಫುಟ್‌ಬಾಲ್‌ಗೆ ಸ್ವತಂತ್ರ ನಿಯಂತ್ರಕ ಬೇಕು. ಮೇಲಿನ ಐದು ದರ್ಜೆಯ 116 ಕ್ಲಬ್ಬುಗಳಿಗೆ ಪರವಾನಗಿ. ಕೊಳ್ಳಲು ಬರುವವರ ದುಡ್ಡು ಎಲ್ಲಿಂದ ಬಂತು, ನಡೆಸುವ ಯೋಗ್ಯತೆ ಇದೆಯಾ ಅಂತ ಪರೀಕ್ಷೆ. 2024ರ ಮಾರ್ಚ್‌ನಲ್ಲಿ ಮಸೂದೆ ಸಂಸತ್ತಿಗೆ ಬಂತು. ಏಪ್ರಿಲ್‌ನ ಚರ್ಚೆಯಲ್ಲಿ ನಮ್ಮೂರಿನ ಲೇಬರ್ ಸಂಸದ ಮ್ಯಾಟ್ ರಾಡಾ ರೆಡಿಂಗ್ ಕ್ಲಬ್ಬಿನ ಪಾಡನ್ನು ಎತ್ತಿ ಆಡಿದರು.

ಇನ್ನೇನು ಆಯಿತು ಅನ್ನುವಾಗ ಮೇ 22ರ ಮಳೆ. ಸಂಸತ್ತು ವಿಸರ್ಜನೆ ಅಂದರೆ ಅರ್ಧದಲ್ಲಿರುವ ಮಸೂದೆ ಕಸದ ಬುಟ್ಟಿಗೆ. ಆ ರಾತ್ರಿ ತಾತ ಬರೆದದ್ದು ಇಷ್ಟೇ: '89ನೇ ನಿಮಿಷದಲ್ಲಿ ಫ್ಲಡ್‌ಲೈಟ್ ಹೋಯ್ತು.'

ಮೂರು ದೊಡ್ಡ ಪಕ್ಷಗಳ ಪ್ರಣಾಳಿಕೆಯಲ್ಲೂ ನಿಯಂತ್ರಕ ತರುತ್ತೇವೆ ಅಂತ ಇತ್ತು. ಹಾಗಾದರೆ ಯಾರು ಗೆದ್ದರೇನು ಅಂತ ನನಗೆ ಅನಿಸಿತ್ತು. ಸಾಲಿನಲ್ಲಿ ಹಳಬರಾದ ಶಾಲೆಯ ಮೇಡಂ ಒಬ್ಬರು ಹೇಳಿದರು, ಹೊಸ ಕೋಚ್ ಬಂದರೆ ಹಳೇ ಕೋಚ್ ಕೊಡಿಸಿದ ಆಟಗಾರನನ್ನು ಬೆಂಚಿನಲ್ಲಿ ಕೂರಿಸುತ್ತಾನೆ, ನೋಡ್ತಿರು.

ಇನ್ನು ನನ್ನ ಓಟಿನ ಕಥೆ. ಬ್ರಿಟನ್ನಿನಲ್ಲಿ ನೆಲೆಸಿರುವ ಕಾಮನ್‌ವೆಲ್ತ್ ದೇಶದ ಪ್ರಜೆಗಳಿಗೆ ಸಂಸತ್ ಚುನಾವಣೆಯಲ್ಲಿ ಮತ ಹಾಕುವ ಹಕ್ಕಿದೆ. ಇದು ಇಲ್ಲಿರುವ ನಮ್ಮ ಜನರಲ್ಲಿ ಎಷ್ಟೋ ಮಂದಿಗೆ ಗೊತ್ತಿಲ್ಲ. ಗೊತ್ತಿದ್ದವರಿಗೂ ನಂಬಿಕೆ ಬರುವುದಿಲ್ಲ. ಆ ವರ್ಷ ಏಪ್ರಿಲ್‌ನಲ್ಲಿ ಮೈಸೂರಿನಲ್ಲಿ ಲೋಕಸಭೆಗೆ ಮತದಾನ ಆದಾಗ ನಾನು ಇಲ್ಲಿದ್ದೆ. ಅನಿವಾಸಿಗಳು ಹೆಸರು ನೋಂದಾಯಿಸಿದರೂ ಖುದ್ದಾಗಿ ಹೋಗಿಯೇ ಹಾಕಬೇಕು. ನನ್ನ ಊರಿಗೆ ಹಾಕದ ಓಟನ್ನು ಜುಲೈನಲ್ಲಿ ಅರ್ಲಿ ಮತ್ತು ವುಡ್ಲಿ ಅನ್ನುವ ಹೊಸ ಕ್ಷೇತ್ರಕ್ಕೆ ಹಾಕಿದೆ. ಇಂಗ್ಲೆಂಡಿನಲ್ಲಿ ಫೋಟೊ ಗುರುತು ಕಡ್ಡಾಯವಾದ ಮೊದಲ ಸಂಸತ್ ಚುನಾವಣೆ ಅದು. ಭಾರತದ ಪಾಸ್‌ಪೋರ್ಟ್ ತೋರಿಸಿದೆ. ಮೇಜಿನ ಹಿಂದಿದ್ದ ಹೆಂಗಸು ಫೋಟೊ ನೋಡಿ, ನನ್ನನ್ನು ನೋಡಿ, ಚೀಟಿ ಕೊಟ್ಟರು. ಬೆರಳಿಗೆ ಶಾಯಿ ಇಲ್ಲ. ಮತಯಂತ್ರದ ಬೀಪ್ ಇಲ್ಲ. ದಾರ ಕಟ್ಟಿದ ಒಂದು ಮೋಟು ಪೆನ್ಸಿಲ್. ಕತ್ತರಿ ಗುರುತು ಹಾಕಿ, ಮಡಚಿ, ಡಬ್ಬಕ್ಕೆ ಹಾಕಿ ಬಂದೆ. ನಮ್ಮ ಮೈಸೂರಿನ ಶಾಯಿ ಇಲ್ಲದ ಬೆರಳನ್ನು ಯಾರಿಗೆ ತೋರಿಸುವುದು? ಓಟು ಹಾಕಿದ ಹಾಗೇ ಅನಿಸಲಿಲ್ಲ.

ಗುಂಪಿನಲ್ಲಿ ಹೇಳಿದೆ. ಪ್ಲಂಬರ್ ಕೇಳಿದ, ನಿನಗೆ ಓಟಿದೆಯಾ, ನೀನು ಲೋನ್ ಮೇಲೆ ಬಂದ ಆಟಗಾರ ಅಲ್ವಾ ಅಂತ. ನಾನೂ ಬಿಡಲಿಲ್ಲ. ಲೋನ್ ಆಟಗಾರನೂ ಗೋಲ್ ಹೊಡೆದರೆ ಲೆಕ್ಕಕ್ಕೆ ಬರುತ್ತದೆ ಅಂದೆ. ತನ್ನ ಮೂಲ ಕ್ಲಬ್ಬಿನ ಎದುರು ಆಡುವ ಹಾಗಿಲ್ಲ, ಅಷ್ಟೇ ನಿಯಮ. ಆ ನಿಯಮವನ್ನು ನಾನು ಹಿಂದಿನ ವಾರವೇ ಪಾಲಿಸಿದ್ದೆ. ಜೂನ್ 27ರಂದು ಟಿ20 ವಿಶ್ವಕಪ್ ಸೆಮಿಫೈನಲ್‌ನಲ್ಲಿ ಭಾರತ ಇಂಗ್ಲೆಂಡನ್ನು 68 ರನ್‌ಗಳಿಂದ ಹೊಸಕಿ ಹಾಕಿದಾಗ ಗುಂಪಿನಲ್ಲಿ ಒಂದು ಅಕ್ಷರ ಬರೆಯಲಿಲ್ಲ. ಎರಡು ದಿನದ ಮೇಲೆ ನಮ್ಮ ದ್ರಾವಿಡ್ ಕಪ್ ಎತ್ತಿ ಕಿರುಚಿದರಲ್ಲ, ಆಗ ಮಾತ್ರ ತಡೆಯಲಾಗಲಿಲ್ಲ. ಒಂದೇ ಒಂದು ಫೋಟೊ ಹಾಕಿದೆ. ಅದಕ್ಕೆ ಹದಿಮೂರು ಜನರಲ್ಲಿ ಒಬ್ಬರೂ ಲೈಕ್ ಒತ್ತಲಿಲ್ಲ.

ಜುಲೈ 4, ಗುರುವಾರ. ಅದೃಷ್ಟಕ್ಕೆ ಯೂರೋದಲ್ಲಿ ಅವತ್ತು ಪಂದ್ಯ ಇರಲಿಲ್ಲ. ಮಂಡಕ್ಕಿ ಒಗ್ಗರಣೆ ಮಾಡಿಕೊಂಡು ಮಗನೂ ನಾನೂ ಟಿವಿ ಮುಂದೆ ಕೂತೆವು. ರಾತ್ರಿ ಹತ್ತು ಗಂಟೆಗೆ ಮತದಾನ ಮುಗಿಯುತ್ತದೆ, ಹತ್ತಕ್ಕೇ ಎಕ್ಸಿಟ್ ಪೋಲ್. ಲೇಬರ್ 410, ಕನ್ಸರ್ವೇಟಿವ್ 131. ಗುಂಪಿನಲ್ಲಿ ಮೊದಲ ಸಂದೇಶ: 'ಹೋಮ್ ಟೀಮ್ ರೆಲಿಗೇಶನ್.' ಎರಡನೆಯದು: 'ಅಂಕ ಕಡಿತ ಇಲ್ಲದೆಯೇ.' ಆ ಎರಡನೆಯದಕ್ಕೆ ನಗುವ ಮುಖಗಳ ಸಾಲೇ ಬಂತು.

ಮಂತ್ರಿಯಾಗಲಿ ಯಾರಾಗಲಿ, ಇಲ್ಲಿ ಸೋತವರು ಗೆದ್ದವರ ಪಕ್ಕದಲ್ಲೇ ವೇದಿಕೆ ಮೇಲೆ ನಿಂತು ಸಂಖ್ಯೆ ಕೇಳಬೇಕು. ಸುನಕ್ ಹಿಂದೆ ತಲೆಗೆ ಕಸದ ಡಬ್ಬಿ ತೊಟ್ಟ ಅಭ್ಯರ್ಥಿ ಒಬ್ಬ ನಿಂತಿದ್ದ. ಮಗನಿಗೆ ಇಡೀ ರಾತ್ರಿಯಲ್ಲಿ ಹಿಡಿಸಿದ್ದು ಅದೊಂದೇ. ಹೆಂಡನ್ ಕ್ಷೇತ್ರದಲ್ಲಿ ಲೇಬರ್ ಗೆದ್ದದ್ದು ಬರೀ 15 ಮತಗಳಿಂದ. ಪೋರ್ಟ್ಸ್‌ಮತ್ ನಾರ್ತ್‌ನಲ್ಲಿ ಕನ್ಸರ್ವೇಟಿವ್ ನಾಯಕಿ ಪೆನ್ನಿ ಮೋರ್ಡಂಟ್ 780 ಮತಗಳಿಂದ ಸೋತರು. ಪೋರ್ಟ್ಸ್‌ಮತ್ ತಂಡ ಆ ವರ್ಷವೇ ನಮ್ಮ ಲೀಗನ್ನು ಗೆದ್ದು ಮೇಲಕ್ಕೆ ಹೋಗಿತ್ತು. ಆ ಊರಿನ ಹೆಣ್ಣನ್ನು ಮದುವೆಯಾದವನೊಬ್ಬ ನಮ್ಮಲ್ಲಿದ್ದಾನೆ. ತಂಡ ಮೇಲೆ, ಎಂಪಿ ಕೆಳಗೆ ಅಂತ ಬರೆದ. ಎಂಪಿ ಅನ್ನುವ ಪದ ಬಂತು ಅಂತ ತಾತ ಹಳದಿ ಕಾರ್ಡ್ ಕೊಟ್ಟರು.

ರಾತ್ರಿ ಒಂದರ ಮೇಲೆ ಆರ್ಸೆನಲ್ ಸರದಿ. ಲೇಬರ್ ನಾಯಕ ಕೀರ್ ಸ್ಟಾರ್ಮರ್ ಆರ್ಸೆನಲ್‌ ಕ್ಲಬ್ಬಿನ ಹಳೇ ಅಭಿಮಾನಿ, ಸೀಸನ್ ಟಿಕೆಟ್ ಇಟ್ಟುಕೊಂಡವರು, ತಾವೇ ಐದಾಳಿನ ಆಟ ಆಡುವವರು. ಆರ್ಸೆನಲ್ ಆಗ ಸತತ ಎರಡು ವರ್ಷ ಮ್ಯಾಂಚೆಸ್ಟರ್ ಸಿಟಿಯ ಹಿಂದೆ ಎರಡನೇ ಸ್ಥಾನ. ಅಲ್ಲಿಯವರೆಗೆ ಕೊನೇ ಸಲ ಲೀಗ್ ಗೆದ್ದದ್ದು 2004ರಲ್ಲಿ. ಆರ್ಸೆನಲ್‌ನವರಿಗೆ ಗನ್ನರ್ ಅಂತ ಅಡ್ಡಹೆಸರು, ಜೋಕು ತಾನಾಗಿ ಬಾಯಿಗೆ ಬಂದು ಬೀಳುವಂಥದ್ದು. 'ಕೊನೆಗೂ ಒಬ್ಬ ಗನ್ನರ್ ಲೀಗ್ ಗೆದ್ದ' ಅನ್ನುವುದನ್ನು ಆ ರಾತ್ರಿ ನಾನು ಬೇರೆ ಬೇರೆ ಗುಂಪುಗಳಲ್ಲಿ ಏಳು ಸಲ ಓದಿದೆ. ಏಳೂ ಜನ ತಾವೇ ಮೊದಲು ಹೇಳಿದ್ದು ಅಂದುಕೊಂಡಿದ್ದರು. ಇನ್ನೂ ಮಜಾ ಅಂದರೆ, ಸ್ಟಾರ್ಮರ್ ಪಕ್ಷದಿಂದ ಹೊರಗಿಟ್ಟ ಹಳೇ ಲೇಬರ್ ನಾಯಕ ಜೆರೆಮಿ ಕಾರ್ಬಿನ್ ಕೂಡ ಆರ್ಸೆನಲ್ಲೇ. ಇಸ್ಲಿಂಗ್ಟನ್ ನಾರ್ತ್‌ನಲ್ಲಿ ಪಕ್ಷೇತರರಾಗಿ ನಿಂತು, ಲೇಬರನ್ನು 7 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಫ್ರೀ ಟ್ರಾನ್ಸ್‌ಫರ್‌ನಲ್ಲಿ ಕಳಿಸಿದವನು ಬಂದು ಹಳೇ ಕ್ಲಬ್ಬಿಗೇ ಗೋಲ್ ಹೊಡೆದ ಹಾಗೆ.

ಬೆಳಗ್ಗೆ ಆಫೀಸಿಗೆ ಹೋಗುವ ರೈಲಿನಲ್ಲಿ ಗುಂಪು ಗಂಭೀರವಾಯಿತು. ಸೀಟುಗಳ ಲೆಕ್ಕ ಒಂದು ಹೇಳುತ್ತಿತ್ತು, ಮತಗಳ ಲೆಕ್ಕ ಇನ್ನೊಂದು. ಲೇಬರ್‌ಗೆ ಬಂದ ಮತ ಶೇ 33.7, ಸೀಟು 411, ಅಂದರೆ ಶೇ 63. ರಿಫಾರ್ಮ್ ಪಕ್ಷಕ್ಕೆ 40 ಲಕ್ಷಕ್ಕೂ ಜಾಸ್ತಿ ಮತ, ಸೀಟು 5. ಅದಕ್ಕಿಂತ ಕಡಿಮೆ ಮತ ಪಡೆದ ಲಿಬರಲ್ ಡೆಮಾಕ್ರಾಟರಿಗೆ 72. ಇದು ಅನ್ಯಾಯ ಅಂತ ಒಬ್ಬ. ಅನ್ಯಾಯ ಏನು ಬಂತು, ಯೆಲ್ಲೋ ಕಾರ್ಡಿನವರು ಸಿಕ್ಕಿದ ಕಾರ್ನರ್‌ಗಳನ್ನೆಲ್ಲ ಗೋಲ್ ಮಾಡಿದರು, ಇವರು ದೂರದಿಂದ ಸುಮ್ನೆ ಒದ್ದರು ಅಂತ ಇನ್ನೊಬ್ಬ.

ನನ್ನನ್ನು ಬೆಪ್ಪಾಗಿಸಿದ ಸಂಗತಿ ಬೇರೆ. 2019ರಲ್ಲಿ ಹೀನಾಯವಾಗಿ ಸೋತಾಗ ಲೇಬರ್‌ಗೆ ಬಿದ್ದದ್ದು ಸುಮಾರು 1.03 ಕೋಟಿ ಮತ. ಈ ಸಲ ಭರ್ಜರಿ ಗೆದ್ದಾಗ ಸುಮಾರು 97 ಲಕ್ಷ. ಕಡಿಮೆ ಓಟಿಗೆ ದುಪ್ಪಟ್ಟು ಸೀಟು! ಇದನ್ನು ಪಕ್ಷದ ಹೆಸರು ಹೇಳದೆ ಗುಂಪಿನಲ್ಲಿ ಕೇಳುವುದು ಹೇಗೆ ಅಂತ ಎರಡು ಸ್ಟೇಷನ್ ದಾಟುವವರೆಗೂ ಒದ್ದಾಡಿದೆ. ತಾತ ಉತ್ತರ ಕೊಟ್ಟರು. 2019ರಲ್ಲಿ ಲಿವರ್‌ಪೂಲ್ 97 ಅಂಕ ಗಳಿಸಿಯೂ ಎರಡನೇ ಸ್ಥಾನ. 2016ರಲ್ಲಿ ಲೆಸ್ಟರ್ 81 ಅಂಕಕ್ಕೇ ಚಾಂಪಿಯನ್. ನೀನೆಷ್ಟು ಗಳಿಸಿದೆ ಅನ್ನುವುದಲ್ಲ, ಆ ವರ್ಷ ಎದುರಿನವರು ಎಷ್ಟು ಕೆಟ್ಟದಾಗಿ ಆಡಿದರು ಅನ್ನುವುದು. ನನಗೆ ಬ್ರಿಟನ್ನಿನ ಚುನಾವಣಾ ಪದ್ಧತಿ ಪೂರ್ತಿ ಅರ್ಥವಾದದ್ದು ಆ ರೈಲಿನಲ್ಲಿ. ನಮ್ಮದೂ ಅದೇ ಪದ್ಧತಿ ಅನ್ನುವುದು ಆಮೇಲೆ ನೆನಪಾಯಿತು. ಅಂದಹಾಗೆ ಲೆಸ್ಟರ್ ಅವತ್ತೂ ಲೋಕಕ್ಕೆ ಉಲ್ಟಾ. ಕನ್ಸರ್ವೇಟಿವ್‌ಗಳು ದೇಶದಲ್ಲೆಲ್ಲ ಮುಗ್ಗರಿಸಿ 121ಕ್ಕೆ ಇಳಿದ ರಾತ್ರಿ, ಅವರು ಲೇಬರ್‌ನಿಂದ ಕಸಿದುಕೊಂಡ ಒಂದೇ ಒಂದು ಸೀಟು ಲೆಸ್ಟರ್ ಈಸ್ಟ್.

ನಮ್ಮ ಕ್ಷೇತ್ರ ಲೇಬರ್‌ನ ಯುವಾನ್ ಯಾಂಗ್‌ಗೆ ಹೋಯಿತು, ಸಾವಿರಕ್ಕೂ ಕಡಿಮೆ ಅಂತರದಲ್ಲಿ. ಚೀನಾದಲ್ಲಿ ಹುಟ್ಟಿದವರು. ಲೋನ್ ಆಟಗಾರ್ತಿ ಅಂತ ಯಾರೂ ಅನ್ನಲಿಲ್ಲ, ಅದು ನನಗೆ ಇಷ್ಟವಾಯಿತು.

ಆದರೆ ಗುಂಪಿನ ನಿಜವಾದ ಬೇಸರ ಮಧ್ಯಾಹ್ನ ಹೊರಬಂತು. ಶಾಲೆಯ ಮೇಡಂ ಪತ್ತೆ ಮಾಡಿದ್ದು. ಮಸೂದೆ ತಂದ ಕನ್ಸರ್ವೇಟಿವ್ ಸಂಸ್ಕೃತಿ ಸಚಿವೆ ಲೂಸಿ ಫ್ರೇಜರ್ ಸೋತಿದ್ದರು. ಲೇಬರ್ ಗೆದ್ದರೆ ಅದೇ ಖಾತೆ ಹಿಡಿಯಬೇಕಿದ್ದ ತಂಗಮ್ ಡೆಬೊನೇರ್ ಕೂಡ ಬ್ರಿಸ್ಟಲ್‌ನಲ್ಲಿ ಗ್ರೀನ್ ಪಕ್ಷದ ಎದುರು ಸೋತಿದ್ದರು. ದೇಶವೇ ಲೇಬರ್ ಕಡೆ ವಾಲಿದ ರಾತ್ರಿ, ನಮಗೆ ಬೇಕಾದ ಆ ಒಂದು ಕಡತ ಗೊತ್ತಿದ್ದ ಇಬ್ಬರೂ ಹೊರಗೆ. 'ಎರಡೂ ಕಡೆಯ ಗೋಲ್‌ಕೀಪರ್‌ಗಳಿಗೆ ರೆಡ್ ಕಾರ್ಡ್' ಅಂತ ಮೇಡಂ ಬರೆದರು. ಸ್ವಲ್ಪ ಹೊತ್ತು ಯಾರೂ ಜೋಕು ಮಾಡಲಿಲ್ಲ. ಅದೇ ಬೇಸಿಗೆಯಲ್ಲಿ ನಮ್ಮ ಕ್ಲಬ್ಬಿನ ಮಹಿಳಾ ತಂಡ ದುಡ್ಡಿಲ್ಲದೆ ಎರಡನೇ ದರ್ಜೆಯಿಂದ ಐದನೆಯದಕ್ಕೆ ಬಿತ್ತು. ಮೇಡಂ ಅವರ ಮ್ಯಾಚುಗಳಿಗೂ ತಪ್ಪದೆ ಹೋಗುತ್ತಿದ್ದವರು.

ಮುಂದಿನದು ಬೇಗ ಹೇಳುತ್ತೇನೆ. ಶನಿವಾರ ಇಂಗ್ಲೆಂಡ್ ಸ್ವಿಟ್ಜರ್ಲೆಂಡನ್ನು ಪೆನಾಲ್ಟಿಯಲ್ಲಿ 5-3ರಿಂದ ಸೋಲಿಸಿತು. ಇಂಗ್ಲೆಂಡ್ ಲೇಬರ್ ಸರ್ಕಾರ ಇದ್ದಾಗಲೇ ಗೆಲ್ಲುವುದು, 1966ರಲ್ಲೂ ಹಾಗೇ, ಅನ್ನುವ ಹಳೇ ಮಾತು ಎಲ್ಲರ ಬಾಯಲ್ಲಿ. ಅದಕ್ಕೆ ಮೇಡಂ, 2022ರ ಯೂರೋ ಗೆದ್ದ ಹೆಂಗಸರು ಯಾರ ಸರ್ಕಾರದಲ್ಲಿ ಗೆದ್ದರು ಸ್ವಾಮಿ ಅಂತ ಕೇಳಿ ಎಲ್ಲರ ಬಾಯಿ ಮುಚ್ಚಿಸಿದರು. ಬರ್ಲಿನ್ ಫೈನಲ್‌ನಲ್ಲಿ ಸ್ಪೇನ್ 2-1ರಿಂದ ಗೆದ್ದು ಆ ಮಾತಿಗೂ ತೆರೆ ಎಳೆಯಿತು. ಸೆಪ್ಟೆಂಬರ್‌ನಲ್ಲಿ ಹೊಸ ಪ್ರಧಾನಿ ಭದ್ರತೆಯ ಕಾರಣಕ್ಕೆ ಸಾಮಾನ್ಯ ಸ್ಟ್ಯಾಂಡ್ ಬಿಟ್ಟು ಪುಕ್ಕಟೆ ಬಾಕ್ಸ್‌ನಲ್ಲಿ ಕೂರುವುದು ಸುದ್ದಿಯಾದಾಗ ಚೆನ್ನಾಗಿಯೇ ಬೈಗುಳ ಬಿತ್ತು. ಅದರಲ್ಲಿ ನನ್ನದೂ ಒಂದು ಪಾಲು ಇತ್ತು.

ಮಸೂದೆ ಅಕ್ಟೋಬರ್‌ನಲ್ಲಿ ಮತ್ತೆ ಬಂತು. ಮೊದಲು ಅದನ್ನು ತಂದಿದ್ದ ಕನ್ಸರ್ವೇಟಿವ್‌ಗಳೇ ಈ ಸಲ ವಿರೋಧಿಸಿದರು. ತಾವೇ ನೆಟ್ಟ ಗಿಡಕ್ಕೆ ಪಕ್ಕದ ಮನೆಯವರು ನೀರು ಹಾಕಿದರೆ ಕೊಡಲಿ ತರುವುದೇ? 2025ರ ಮೇ ತಿಂಗಳಲ್ಲಿ ರೆಡಿಂಗ್ ಕ್ಲಬ್ಬು ಕಡೆಗೂ ಹೊಸ ಮಾಲೀಕರಿಗೆ ಮಾರಾಟವಾಯಿತು, ಯಾವ ನಿಯಂತ್ರಕನ ಸಹಾಯವೂ ಇಲ್ಲದೆ. ಕಾನೂನಿಗೆ ರಾಜನ ಅಂಕಿತ ಬಿದ್ದದ್ದು ಆಮೇಲೆ, ಜುಲೈ 21ಕ್ಕೆ. ಮದುವೆ ಮುಗಿದ ಮೇಲೆ ವಾಲಗದವರು ಬಂದರು ಅನ್ನಿ. ಆದರೂ ನನಗೆ ಖುಷಿ ತಡೆಯಲಿಲ್ಲ. ಸುದ್ದಿಯ ಕೊಂಡಿಯನ್ನು ಗುಂಪಿಗೆ ಹಾಕಿದೆ.

ಎರಡೇ ನಿಮಿಷಕ್ಕೆ ಅಳಿಸಿ ಹೋಯಿತು. ತಾತನಿಗೆ ಫೋನ್ ಮಾಡಿದೆ. ನಾವೆಲ್ಲ ಕಾಯ್ತಿದ್ದದ್ದು ಇದಕ್ಕೇ ಅಲ್ವಾ ಅಂದೆ. ಸಂಸತ್ತಿನ ಸುದ್ದಿ ರಾಜಕೀಯ, ನಿಯಮ ಅಂದರೆ ನಿಯಮ ಅಂದರು. ದನಿ ಮಾತ್ರ ಸ್ವಲ್ಪ ಒದ್ದೆಯಾಗಿತ್ತು.

ಫೋನಿಟ್ಟು ಮತ್ತೆ ಬರೆದೆ: 'ವಿಎಆರ್ ರೆಫರಿ ವಿಡಿಯೊ ನೋಡಿ ಮುಗೀತು. ಗೋಲ್ ಕೊಟ್ಟರು.'

ಅದನ್ನು ಅಳಿಸಲಿಲ್ಲ. ಕೆಳಗೆ ತಾತನ ಉತ್ತರ ಬಂತು: 'ನಮ್ಮ ಲೀಗಿನಲ್ಲಿ ವಿಎಆರ್ ಇಲ್ಲ ಕಣಯ್ಯಾ.'